ಕಬ್ಬಿನ ಕಾಟಾ, ನ್ಯಾಯದ ತಕ್ಕಡಿ

ದೀಪಾವಳಿ ಮುಗಿದು ಚಳಿ ಕಾಲಿಡುವ ಹೊತ್ತಿಗೆ ಬೆಳಗಾವಿ ಜಿಲ್ಲೆಯ ರಸ್ತೆಗಳೆಲ್ಲ ಕಬ್ಬಿನ ರಸ್ತೆಗಳಾಗುತ್ತವೆ. ಎರಡೆರಡು ಡಬ್ಬಿ ಎಳೆಯುವ ಟ್ರ್ಯಾಕ್ಟರುಗಳು ಹಗಲು ರಾತ್ರಿ ಕಾರ್ಖಾನೆಗಳತ್ತ ಸಾಲುಗಟ್ಟುತ್ತವೆ. ದಾರಿಯುದ್ದಕ್ಕೂ ರವದಿ ಉದುರಿರುತ್ತದೆ. ಹಿಂದೆ ಬರುವ ಬಸ್ಸಿನವರು ಗೊಣಗುತ್ತಲೇ ದಾರಿ ಬಿಡುತ್ತಾರೆ.

2025ರ ನವೆಂಬರ್ ಮೊದಲ ವಾರ ಹಾಗಿರಲಿಲ್ಲ. ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ, ನಿಪ್ಪಾಣಿ–ಮುಧೋಳ ಹೆದ್ದಾರಿಯ ಮೇಲೆ, ರೈತರು ಧರಣಿ ಕುಳಿತಿದ್ದರು. ಅಡುಗೆ, ಊಟ, ನಿದ್ದೆ ಎಲ್ಲವೂ ಅಲ್ಲೇ. ಹೊಲದಲ್ಲಿ ಕಬ್ಬು ಬಲಿತು ನಿಂತಿತ್ತು, ಆದರೆ ಕುಡುಗೋಲು ಹಾಕಿರಲಿಲ್ಲ. ಟನ್ನಿಗೆ 3,500 ರೂಪಾಯಿ ಕೊಟ್ಟರೆ ಮಾತ್ರ ಕಟಾವು ಎಂಬುದು ಅವರ ಹಟ. ರೈತ ಸಂಘದ ಚೂನಪ್ಪ ಪೂಜೇರಿ, ಶಶಿಕಾಂತ ಗುರೂಜಿ ಮುಂತಾದವರು ಮುಂದಾಳುಗಳು. ಸುತ್ತಲಿನ ಪಟ್ಟಣಗಳಲ್ಲಿ ಬಂದ್ ಆಯಿತು. ಬಿಜೆಪಿ ರಾಜ್ಯ ಘಟಕದ ಅಧ್ಯಕ್ಷ ಬಿ.ವೈ. ವಿಜಯೇಂದ್ರ ಬಂದು ರೈತರೊಂದಿಗೆ ರಾತ್ರಿ ಕಳೆದರು. ಸರ್ಕಾರದ ಪರವಾಗಿ ಸಚಿವ ಎಚ್.ಕೆ. ಪಾಟೀಲರು ಬಂದು ಮಾತನಾಡಿದರು. ಧರಣಿ ನಿಲ್ಲಲಿಲ್ಲ.

ನವೆಂಬರ್ 7ರಂದು ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲ್ ನಾಕಾದ ಬಳಿ, ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ, ಸಿಟ್ಟು ಕೈಮೀರಿತು. ಕಲ್ಲು ತೂರಾಟವಾಯಿತು, ಪೊಲೀಸರಿಗೆ ಪೆಟ್ಟಾಯಿತು, ವಾಹನಗಳ ಗಾಜು ಪುಡಿಯಾದವು. ಅದೇ ದಿನ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕಾರ್ಖಾನೆ ಮಾಲೀಕರೊಡನೆ ಸಭೆ ನಡೆಸಿ ಟನ್ನಿಗೆ 3,300 ರೂಪಾಯಿ ಎಂದು ಪ್ರಕಟಿಸಿದರು. ಕಾರ್ಖಾನೆಗಳು ಮೊದಲು ಒಪ್ಪಿದ್ದ 3,200ರ ಮೇಲೆ ಅವು 50, ಸರ್ಕಾರ 50 ಸೇರಿಸುವುದೆಂದು ತೀರ್ಮಾನವಾಯಿತು. ಗುರ್ಲಾಪುರದ ಧರಣಿ ಮುಗಿದು ಟ್ರ್ಯಾಕ್ಟರುಗಳು ಮತ್ತೆ ಓಡಿದವು.

ಬೆಲೆಯ ಜಗಳ ಬೆಲೆಯಲ್ಲಿ ಬಗೆಹರಿಯಿತು ಎಂದು ಇದನ್ನು ಇಲ್ಲಿಗೇ ಬಿಡಬಹುದಿತ್ತು. ಆದರೆ ಈ ಸೀಮೆಯಲ್ಲಿ ಇಂಥ ಜಗಳ ಹೊಸದಲ್ಲ, ಕೊನೆಯದೂ ಆಗಲಾರದು. ಕಬ್ಬಿನ ಹಂಗಾಮು ಶುರುವಾಗುವಾಗಲೆಲ್ಲ ಸಿಟ್ಟಿನ ಹಂಗಾಮೂ ಏಕೆ ಶುರುವಾಗುತ್ತದೆ? ಇದನ್ನು ತಿಳಿಯಲು 3,300 ಅಥವಾ 3,500 ಎಂಬ ಅಂಕಿಯ ಹಿಂದೆ ಏನಿದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ನೀರು ಬಂತು, ಕಬ್ಬು ಬಂತು

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಘಟಪ್ರಭೆಯ ಸೀಮೆ. ಮೂಡಲಗಿ 2018ರವರೆಗೆ ಗೋಕಾಕ ತಾಲ್ಲೂಕಿನ ಭಾಗವೇ ಆಗಿತ್ತು. ಹೊರಗಿನವರಿಗೆ ಗೋಕಾಕ ಎಂದರೆ ಜಲಪಾತ ಮತ್ತು ಕರದಂಟು. ಆ ಜಲಪಾತದ ಪಕ್ಕದಲ್ಲಿ 1880ರ ದಶಕದಲ್ಲೇ ಹತ್ತಿ ಗಿರಣಿ ಎದ್ದಿತ್ತು. ಬ್ರಿಟಿಷರ ಕಾಲದಲ್ಲಿ, 19ನೆಯ ಶತಮಾನದ ಕೊನೆಗೆ, ಧೂಪದಾಳದಲ್ಲಿ ಒಡ್ಡು ಕಟ್ಟಿ ಕಾಲುವೆ ತೆಗೆದರು. ಆಗ ಇದು ಹೆಚ್ಚಾಗಿ ಜೋಳದ, ಹತ್ತಿಯ ನೆಲ.

ನೆಲದ ಬೆಳೆಯನ್ನು ಬದಲಾಯಿಸಿದ್ದು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ. 1970ರ ದಶಕದಲ್ಲಿ ಮುಗಿದ, 51 ಟಿಎಂಸಿ ನೀರು ಹಿಡಿಯುವ ಈ ಅಣೆಕಟ್ಟಿಗೆ ರಾಜಾ ಲಖಮಗೌಡರ ಹೆಸರಿದೆ. ಇದರ ಕಾಲುವೆಗಳು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸುಮಾರು ಮೂರು ಲಕ್ಷ ಹೆಕ್ಟೇರಿಗೆ ನೀರು ಕೊಡಲೆಂದು ಯೋಜಿಸಿದವು. ವರ್ಷವಿಡೀ ನೀರು ಸಿಗುವ ಕಡೆ ರೈತ ವರ್ಷವಿಡೀ ನಿಲ್ಲುವ ಬೆಳೆಯನ್ನೇ ಹುಡುಕುತ್ತಾನೆ. ಅದು ಕಬ್ಬು. ಮಳೆ ಹೆಚ್ಚಾದರೂ ಕಡಿಮೆಯಾದರೂ ಪೂರ್ತಿ ಕೈಕೊಡದ ಬೆಳೆ, ಒಮ್ಮೆ ನಾಟಿ ಮಾಡಿದರೆ ಕುಳೆಯಿಂದ ಮತ್ತೆ ಬರುವ ಬೆಳೆ.

ಮೊದಲು ಈ ಕಬ್ಬು ಗಾಣಕ್ಕೆ ಹೋಗುತ್ತಿತ್ತು. ರೈತ ತನ್ನ ಹೊಲದ ಅಂಚಿನಲ್ಲಿ, ಅಥವಾ ನಾಲ್ಕು ಮಂದಿ ಕೂಡಿ, ಗಾಣ ಹೂಡಿ ಬೆಲ್ಲ ತೆಗೆಯುತ್ತಿದ್ದ. ಎಷ್ಟು ಕಬ್ಬಿಗೆ ಎಷ್ಟು ಪೆಂಟಿ ಬೆಲ್ಲ ಬಂತು ಎಂಬುದು ಅವನ ಕಣ್ಣೆದುರೇ ಗೊತ್ತಾಗುತ್ತಿತ್ತು. ಸಂಕೇಶ್ವರ, ಮಹಾಲಿಂಗಪುರದ ಪೇಟೆಗಳಲ್ಲಿ ದಲಾಲರು ಬೆಲೆ ಮುರಿಯುತ್ತಿದ್ದರು, ನಿಜ. ಆದರೆ ತನ್ನ ಕಬ್ಬಿನಲ್ಲಿ ಸಿಹಿ ಎಷ್ಟಿದೆ ಎಂದು ಇನ್ನೊಬ್ಬರನ್ನು ಕೇಳಿ ತಿಳಿಯುವ ಗತಿ ರೈತನಿಗಿರಲಿಲ್ಲ.

ಸ್ವಾತಂತ್ರ್ಯದ ನಂತರ ಸಹಕಾರಿ ಕಾರ್ಖಾನೆಗಳು ಬಂದವು. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕ ಸೀಮೆಯ ಘಟಪ್ರಭಾ ಇವು ಆ ಸಾಲಿನವು. ಬೆಳೆಗಾರನೇ ಷೇರುದಾರ, ಅವನ ಮತದಿಂದಲೇ ಆಡಳಿತ ಮಂಡಳಿ ಎಂಬುದು ಸಹಕಾರದ ತತ್ತ್ವ. ಹುಕ್ಕೇರಿ ತಾಲ್ಲೂಕಿನವರಂತೂ 1969ರಲ್ಲಿ ವಿದ್ಯುತ್ ಹಂಚಲು ಕೂಡ ಸಹಕಾರಿ ಸಂಘವನ್ನೇ ಕಟ್ಟಿಕೊಂಡವರು. ಕಾಟಾ ನಮ್ಮದು, ಲೆಕ್ಕ ನಮ್ಮದು ಎಂಬ ನಂಬಿಕೆ ಆ ಪ್ರಯೋಗದ ತಳಪಾಯ. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಅಧ್ಯಕ್ಷರನ್ನು ಪ್ರಶ್ನಿಸುವ ಹಕ್ಕು ಸಣ್ಣ ಹಿಡುವಳಿಯವನಿಗೂ ಇತ್ತು.

1998ರಲ್ಲಿ ಕೇಂದ್ರ ಸರ್ಕಾರ ಸಕ್ಕರೆ ಉದ್ಯಮಕ್ಕೆ ಇದ್ದ ಲೈಸೆನ್ಸ್ ಪದ್ಧತಿಯನ್ನು ತೆಗೆದುಹಾಕಿತು. ಖಾಸಗಿ ಕಾರ್ಖಾನೆಗಳು ಒಂದರ ಹಿಂದೊಂದು ಬಂದವು. ಸಾಲದಲ್ಲಿ ಮುಳುಗಿದ ಸಹಕಾರಿ ಕಾರ್ಖಾನೆಗಳು ಸೊರಗಿದವು. ಕಬ್ಬು ನುರಿಸುವ ಶಕ್ತಿ ಹೆಚ್ಚಿತು, ಪೈಪೋಟಿಯೂ ಬಂತು. ಇದರಿಂದ ರೈತನಿಗೆ ಅನುಕೂಲವಾಗಲಿಲ್ಲ ಎಂದಲ್ಲ. ಆದರೆ ಕಾಟಾ ಅವನ ಕೈಯಿಂದ ಜಾರಿತು.

ಮೂರು ಅಳತೆಗಳು

ಕಬ್ಬಿನ ಬೆಲೆಯ ಲೆಕ್ಕ ಹೀಗಿದೆ. 1955ರ ಅಗತ್ಯ ವಸ್ತುಗಳ ಕಾಯ್ದೆಯ ಅಡಿಯಲ್ಲಿ 1966ರ ಕಬ್ಬು ನಿಯಂತ್ರಣ ಆದೇಶವಿದೆ. ಅದರಂತೆ ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೂ ಕನಿಷ್ಠ ಬೆಲೆ ಗೊತ್ತುಮಾಡುತ್ತದೆ. 2009ರಿಂದ ಇದಕ್ಕೆ ‘ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ’ ಎಂದು ಹೆಸರು, ರೈತರ ಬಾಯಲ್ಲಿ ಎಫ್‌ಆರ್‌ಪಿ. ಬೆಲೆಯ ಹೆಸರಿನಲ್ಲೇ ನ್ಯಾಯ ಎಂಬ ಮಾತು ಇರುವುದನ್ನು ಗಮನಿಸಬೇಕು.

2025–26ರ ಹಂಗಾಮಿಗೆ ಈ ಬೆಲೆ ಕ್ವಿಂಟಲಿಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಹಾಗಾದರೆ 3,500 ಕೇಳಲು ರೈತ ರಸ್ತೆಗೇಕೆ ಇಳಿಯಬೇಕು ಎಂದು ಪಟ್ಟಣದ ಓದುಗರಿಗೆ ಅನ್ನಿಸಬಹುದು. ಉತ್ತರ ಮೂರು ಅಳತೆಗಳಲ್ಲಿದೆ.

ಮೊದಲನೆಯದು ರಿಕವರಿ, ಅಂದರೆ ಸಕ್ಕರೆಯ ಇಳುವರಿ. ನೂರು ಕಿಲೋ ಕಬ್ಬಿನಿಂದ ಎಷ್ಟು ಕಿಲೋ ಸಕ್ಕರೆ ಬಂತು ಎಂಬುದೇ ಇದು. 355 ರೂಪಾಯಿ ಶೇ 10.25 ಇಳುವರಿಯ ಕಬ್ಬಿಗೆ. ಅದರ ಮೇಲೆ ಪ್ರತಿ ಶೇ 0.1ಕ್ಕೆ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ ಹೆಚ್ಚುತ್ತದೆ. ಇಳುವರಿ ಇಳಿದರೆ ಅಷ್ಟೇ ಕಡಿಮೆಯಾಗುತ್ತದೆ. ಶೇ 9.5ಕ್ಕಿಂತ ಕೆಳಗೆ ಎಷ್ಟೇ ಇಳಿದರೂ 329 ರೂಪಾಯಿ 5 ಪೈಸೆ ಕೊಡಲೇಬೇಕು. ಶೇ 11.25 ಇಳುವರಿ ಬಂದರೆ ಟನ್ನಿಗೆ 3,896 ರೂಪಾಯಿ ಆಗುತ್ತದೆ. ಆದರೆ ಇದು ಒಬ್ಬೊಬ್ಬ ರೈತನ ಕಬ್ಬಿನ ಇಳುವರಿಯಲ್ಲ, ಇಡೀ ಕಾರ್ಖಾನೆಯ ಸರಾಸರಿ. ಚೆನ್ನಾಗಿ ಬೆಳೆದವನಿಗೂ ಅಷ್ಟಕ್ಕಷ್ಟೇ ಬೆಳೆದವನಿಗೂ ಒಂದೇ ಅಂಕಿ. ಆ ಅಂಕಿ ಹುಟ್ಟುವುದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮತ್ತು ಅದರ ದಾಖಲೆಗಳಲ್ಲಿ.

ಈಚಿನ ವರ್ಷಗಳಲ್ಲಿ ಎಥೆನಾಲ್ ಬಂದ ಮೇಲೆ ಇದು ಇನ್ನಷ್ಟು ಜಟಿಲವಾಗಿದೆ. ಕಬ್ಬಿನ ರಸದ ಅಥವಾ ಕಾಕಂಬಿಯ ಸಿಹಿಯಲ್ಲಿ ಒಂದು ಪಾಲನ್ನು ಎಥೆನಾಲಿಗೆ ತಿರುಗಿಸಿದರೆ ಸಕ್ಕರೆ ಚೀಲಗಳ ಸಂಖ್ಯೆ ಕಡಿಮೆಯಾಗುತ್ತದೆ. ಹಾಗೆ ತಿರುಗಿಸಿದ ಸಿಹಿಯನ್ನು ಇಳುವರಿಯ ಲೆಕ್ಕಕ್ಕೆ ಮರಳಿ ಸೇರಿಸಬೇಕಾಗುತ್ತದೆ. ಈ ಕೂಡುವ ಕಳೆಯುವ ಲೆಕ್ಕ ರಸಾಯನಶಾಸ್ತ್ರ ಓದಿದವರಿಗೆ ಅರ್ಥವಾಗಬಹುದು. ಕುಡುಗೋಲು ಹಿಡಿದವನಿಗೆ ಅದು ಗೋಡೆಯಾಚೆಯ ಸಂಗತಿ.

ಎರಡನೆಯದು ಕಟಾವು ಮತ್ತು ಸಾಗಣೆಯ ವೆಚ್ಚ. ಎಫ್‌ಆರ್‌ಪಿ ಎಂಬುದು ಕಾರ್ಖಾನೆಯ ಬಾಗಿಲಿಗೆ ಮುಟ್ಟಿಸಿದ ಕಬ್ಬಿನ ಬೆಲೆ. ಕಡಿಯುವ ಗ್ಯಾಂಗನ್ನೂ ವಾಹನವನ್ನೂ ಸಾಮಾನ್ಯವಾಗಿ ಕಾರ್ಖಾನೆಯೇ ಗೊತ್ತುಮಾಡುತ್ತದೆ, ಅದರ ಹಣವನ್ನು ಬಿಲ್ಲಿನಲ್ಲಿ ಮುರಿದುಕೊಳ್ಳುತ್ತದೆ. ಉದಾಹರಣೆಗೆ ಟನ್ನಿಗೆ 700 ರೂಪಾಯಿ ಮುರಿದರೆ 3,896ರಲ್ಲಿ ಉಳಿಯುವುದು 3,196. ರೈತರು ಕೇಳಿದ 3,500 ಹೀಗೆ ಮುರಿದುಕೊಂಡ ಮೇಲೆ ಕೈಗೆ ಬರಬೇಕಾದ ಹಣ. ಮುಖ್ಯಮಂತ್ರಿಗಳು ಪ್ರಕಟಿಸಿದ 3,300 ಕೂಡ ಹಾಗೆಯೇ. ಅದು ಶೇ 11.25 ಇಳುವರಿಯ ಕಬ್ಬಿಗೆ ಎಂಬ ಷರತ್ತೂ ಇತ್ತು. ಬಾಗಲಕೋಟೆ ಜಿಲ್ಲೆಯ ಮುಧೋಳ ಭಾಗದ ರೈತರು ಒಪ್ಪದೆ ಉಳಿದದ್ದು ಈ ಷರತ್ತಿನ ಕಾರಣಕ್ಕೆ. ಇಳುವರಿಯ ಗೊಡವೆ ಬೇಡ, ಎಲ್ಲ ಕಬ್ಬಿಗೂ ಒಂದೇ ದರ ಹೇಳಿ ಎಂದು ಅವರು ಪಟ್ಟುಹಿಡಿದರು. ನವೆಂಬರ್ 13ರಂದು ಅಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಬೆಂಕಿಗೆ ಆಹುತಿಯಾದವು.

ಮೂರನೆಯದು, ಎಲ್ಲಕ್ಕಿಂತ ಹಳೆಯದು, ತೂಕ. ಕಬ್ಬಿನ ಡಬ್ಬಿ ಕಾರ್ಖಾನೆಯ ಕಾಟಾದ ಮೇಲೆ ಹತ್ತುತ್ತದೆ, ಚೀಟಿ ಬರುತ್ತದೆ. ಹೊರಗೆ ತೂಕ ಮಾಡಿಸಿ ಬಂದ ಕಬ್ಬನ್ನು ಬೇಡವೆನ್ನುತ್ತಾರೆ, ಕಾಟಾದಲ್ಲಿ ಮೋಸವಿದೆ ಎಂಬ ದೂರು ಈ ಭಾಗದಲ್ಲಿ ಹಂಗಾಮು ಹಂಗಾಮಿಗೂ ಕೇಳಿಬರುತ್ತದೆ. ಎಲ್ಲ ಕಾರ್ಖಾನೆಗಳೂ ಹಾಗೆ ಮಾಡುತ್ತವೆ ಎಂದು ಇದರ ಅರ್ಥವಲ್ಲ. ಮಾಡುವುದಿಲ್ಲ ಎಂದು ರೈತನಿಗೆ ಮನವರಿಕೆ ಮಾಡಿಕೊಡುವ ವ್ಯವಸ್ಥೆ ಅವನ ಕೈಗೆಟುಕುವಂತಿಲ್ಲ ಎಂಬುದೇ ಸಮಸ್ಯೆ.

ಒಂದು ಸರಳ ಲೆಕ್ಕ ಮಾಡಿ ನೋಡಬಹುದು. ಒಬ್ಬ ರೈತ ಒಂದು ಎಕರೆಯಲ್ಲಿ 40 ಟನ್ ಬೆಳೆದ ಎಂದುಕೊಳ್ಳೋಣ. ದಿನಗಟ್ಟಲೆ ರಸ್ತೆಯಲ್ಲಿ ಕುಳಿತು ಟನ್ನಿಗೆ 100 ರೂಪಾಯಿ ಹೆಚ್ಚು ಪಡೆದರೆ ಅವನಿಗೆ ಸಿಕ್ಕಿದ್ದು 4,000 ರೂಪಾಯಿ. ತೂಕದಲ್ಲಿ ಶೇ 2ರಷ್ಟು ವ್ಯತ್ಯಾಸವಾದರೆ 800 ಕಿಲೋ ಕಬ್ಬು, ಅಂದರೆ 3,300ರ ದರದಲ್ಲಿ 2,640 ರೂಪಾಯಿ ಹೋಯಿತು. ಇಳುವರಿಯ ಅಂಕಿ ಬರೀ ಶೇ 0.2 ಕಡಿಮೆ ಬಂದರೆ ಎಫ್‌ಆರ್‌ಪಿಯ ಲೆಕ್ಕದಲ್ಲಿ 2,768 ರೂಪಾಯಿ ಹೋಯಿತು. ಎರಡೂ ಸೇರಿದರೆ 5,408. ಹೋರಾಡಿ ಪಡೆದದ್ದಕ್ಕಿಂತ ಸದ್ದಿಲ್ಲದೆ ಕಳೆದುಕೊಳ್ಳಬಹುದಾದದ್ದೇ ಹೆಚ್ಚು. ಈ ಭಯವೇ ಕಬ್ಬು ಬೆಳೆಗಾರನ ಸಿಟ್ಟಿನ ತಿರುಳು. ಬೆಲೆ ಒಂದು ಅಂಕಿ, ಅದನ್ನು ಎಲ್ಲರೂ ನೋಡಬಹುದು. ಅಳತೆಗಳು ಮೂರು, ಅವುಗಳಲ್ಲಿ ಒಂದೂ ಅವನ ಕಣ್ಣೆದುರಿಲ್ಲ.

ಮಾಲೀಕರ ಮಾತು

ಕಾರ್ಖಾನೆಯವರ ವಾದವನ್ನೂ ಕೇಳಬೇಕು. ಶೇ 11.25 ಇಳುವರಿಯ ಒಂದು ಟನ್ ಕಬ್ಬಿನಿಂದ 112.5 ಕಿಲೋ ಸಕ್ಕರೆ ಬರುತ್ತದೆ. ಕೇಂದ್ರ ಸರ್ಕಾರ ಸಕ್ಕರೆಗೆ ಗೊತ್ತುಮಾಡಿದ ಕನಿಷ್ಠ ಮಾರಾಟ ಬೆಲೆ 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿ ಆಯಿತು. 2025ರ ಚಳವಳಿಯ ಹೊತ್ತಿಗೂ ಅಷ್ಟೇ ಇತ್ತು. ಆ ದರದಲ್ಲಿ ಮಾರಿದರೆ ಬರುವುದು 3,487 ರೂಪಾಯಿ, ಎಫ್‌ಆರ್‌ಪಿಗೂ ಸಾಲದು. ಈ ನಡುವೆ ಎಫ್‌ಆರ್‌ಪಿ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಾ ಬಂದಿದೆ. ಎಥೆನಾಲಿನ ಖರೀದಿ ಪ್ರಮಾಣವೂ ಕೇಂದ್ರದ ಕೈಯಲ್ಲೇ ಇದೆ. ಇದು ಅವರ ಅಳಲು.

ಇದಕ್ಕೆ ರೈತರ ಉತ್ತರ ಸಿದ್ಧವಿದೆ. ಕನಿಷ್ಠ ಬೆಲೆ ಎಂಬುದು ಮಾರುಕಟ್ಟೆಯ ಬೆಲೆಯಲ್ಲ, ಪೇಟೆಯಲ್ಲಿ ಸಕ್ಕರೆ ಅದಕ್ಕಿಂತ ಹೆಚ್ಚಿಗೆ ಮಾರುತ್ತದೆ. ಮೇಲಾಗಿ ಕಬ್ಬಿನಿಂದ ಬರುವುದು ಸಕ್ಕರೆಯೊಂದೇ ಅಲ್ಲ. ತೂಕದ ಕಾಲು ಭಾಗಕ್ಕಿಂತ ಹೆಚ್ಚು ಸಿಪ್ಪೆ ಬರುತ್ತದೆ, ಅದರಿಂದ ವಿದ್ಯುತ್. ಕಾಕಂಬಿ ಬರುತ್ತದೆ, ಅದರಿಂದ ಮದ್ಯಸಾರ ಮತ್ತು ಎಥೆನಾಲ್. ಕೊನೆಗೆ ಉಳಿಯುವ ಮಡ್ಡಿಯೂ ಗೊಬ್ಬರವಾಗುತ್ತದೆ. ಹೀಗಾಗಿ ಆದಾಯದಲ್ಲಿ ಪಾಲು ಕೊಡಿ ಎಂಬುದು ಅವರ ಬೇಡಿಕೆ.

ಈ ಬೇಡಿಕೆ ಆಧಾರವಿಲ್ಲದ್ದಲ್ಲ. 1974ರಿಂದ 2009ರವರೆಗೆ ಕಬ್ಬು ನಿಯಂತ್ರಣ ಆದೇಶದಲ್ಲೇ ಹೆಚ್ಚುವರಿ ಲಾಭವನ್ನು ಹಂಚಿಕೊಳ್ಳುವ ಒಂದು ವಿಧಿ ಇತ್ತು. 2012ರಲ್ಲಿ ಸಿ. ರಂಗರಾಜನ್ ಸಮಿತಿ ಸಕ್ಕರೆ ಮತ್ತು ಉಪ ಉತ್ಪನ್ನಗಳ ಮೌಲ್ಯದಲ್ಲಿ ಶೇ 70 ಬೆಳೆಗಾರರಿಗೆ ಸೇರಬೇಕೆಂದು ಹೇಳಿತು. ಕರ್ನಾಟಕ 2013ರಲ್ಲಿ ತನ್ನದೇ ಕಬ್ಬು ಖರೀದಿ ಮತ್ತು ಪೂರೈಕೆ ನಿಯಂತ್ರಣ ಕಾಯ್ದೆ ಮಾಡಿತು, ಆದಾಯ ಹಂಚಿಕೆಯ ತತ್ತ್ವಕ್ಕೆ ಒಪ್ಪಿತು, ಕಬ್ಬು ನಿಯಂತ್ರಣ ಮಂಡಳಿಯನ್ನೂ ರಚಿಸಿತು. ಕಾನೂನು ಇದೆ. 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ 15 ಬಡ್ಡಿ ಸೇರಿಸಬೇಕು ಎಂಬ ನಿಯಮವೂ ಇದೆ. ಬಾಕಿಯನ್ನು ಭೂಕಂದಾಯದಂತೆ ವಸೂಲು ಮಾಡುವ ಅಧಿಕಾರ ಆಡಳಿತಕ್ಕಿದೆ. ಆದರೂ ಬಾಕಿ ಬಿಲ್ಲಿನ ದೂರು ಪ್ರತಿ ಹಂಗಾಮಿನಲ್ಲೂ ಏಳುತ್ತದೆ.

ಮತ ಹಾಕಿದವರೂ ಮಾಲೀಕರೂ

ಇಲ್ಲಿಂದ ಮುಂದೆ ಪ್ರಶ್ನೆ ರಾಜಕೀಯದ್ದು. ಬೆಳಗಾವಿ ಜಿಲ್ಲೆಯ ಹಲವು ಕಾರ್ಖಾನೆಗಳ ಒಡೆತನ ಇಲ್ಲವೆ ಆಡಳಿತ ರಾಜಕೀಯ ಮನೆತನಗಳ ಕೈಯಲ್ಲಿದೆ. ಇದಕ್ಕೆ ಪಕ್ಷಭೇದವಿಲ್ಲ. ಗೋಕಾಕ, ಹುಕ್ಕೇರಿ ಸೀಮೆಯ ಚುನಾವಣೆಗಳನ್ನು ಬಲ್ಲವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕಬ್ಬು ಕೊಳ್ಳುವವರು, ಸಹಕಾರಿ ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವವರು, ವಿಧಾನಸಭೆಯಲ್ಲಿ ರೈತನ ಪರವಾಗಿ ಮಾತಾಡಬೇಕಾದವರು ಬಹಳ ಸಲ ಒಂದೇ ಬಳಗದವರು. ಮಾಲೀಕರಾದ ಮಾತ್ರಕ್ಕೆ ಅವರು ರೈತದ್ರೋಹಿಗಳು ಎನ್ನಲಾಗದು. ಕಾರ್ಖಾನೆ ತಂದು ಊರಿಗೆ ಕೆಲಸ ಕೊಟ್ಟವರೂ ಅವರಲ್ಲಿದ್ದಾರೆ. ಆದರೆ ಒಬ್ಬನೇ ವ್ಯಾಪಾರಿಯೂ ಪಂಚನೂ ಆದಾಗ ದೂರು ಹೊತ್ತವನು ಯಾವ ಬಾಗಿಲಿಗೆ ಹೋಗಬೇಕು?

ಬೆಂಗಳೂರು ಮತ್ತು ದೆಹಲಿಯ ನಡುವಿನ ಜಗ್ಗಾಟ ಇನ್ನೊಂದು. ಎಫ್‌ಆರ್‌ಪಿ ನಿಗದಿ ಮಾಡುವುದು, ಸಕ್ಕರೆ ರಫ್ತು, ಎಥೆನಾಲ್ ಎಲ್ಲ ಕೇಂದ್ರದ ಕೈಯಲ್ಲಿವೆ ಎಂದು ರಾಜ್ಯ ಹೇಳುತ್ತದೆ. ರಾಜ್ಯ ಮನಸ್ಸು ಮಾಡಿದರೆ ಹೆಚ್ಚಿನ ಬೆಲೆ ಕೊಡಿಸಬಹುದು ಎಂದು ವಿರೋಧ ಪಕ್ಷ ಹೇಳುತ್ತದೆ. ಇದರಲ್ಲಿ ಎರಡೂ ಅರ್ಧ ಸತ್ಯ. ಉತ್ತರ ಪ್ರದೇಶ, ಪಂಜಾಬ್, ಹರಿಯಾಣ ರಾಜ್ಯಗಳು ತಮ್ಮದೇ ಸಲಹಾ ಬೆಲೆ ಪ್ರಕಟಿಸುತ್ತವೆ. 2025–26ಕ್ಕೆ ಉತ್ತರ ಪ್ರದೇಶ ಬೇಗ ಬಲಿಯುವ ತಳಿಗೆ ಕ್ವಿಂಟಲಿಗೆ 400 ರೂಪಾಯಿ ಗೊತ್ತುಮಾಡಿತು. ರಾಜ್ಯಗಳಿಗೆ ಈ ಅಧಿಕಾರ ಉಂಟು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2004ರಲ್ಲೂ, ಮತ್ತೆ 2020ರಲ್ಲೂ ಹೇಳಿದೆ. ಗಡಿಯಾಚೆಯ ಕೊಲ್ಹಾಪುರದಲ್ಲಿ ರಾಜು ಶೆಟ್ಟಿ ಅವರ ಸಂಘಟನೆ ಪ್ರತಿ ವರ್ಷ ಕಾರ್ಖಾನೆಗಳೊಡನೆ ಚೌಕಾಶಿ ಮಾಡಿ ದರ ಏರಿಸಿಕೊಳ್ಳುತ್ತದೆ. ಹುಕ್ಕೇರಿಯ ರೈತನಿಗೆ ಕೊಲ್ಹಾಪುರ ದೂರವಲ್ಲ. ಅಲ್ಲಿಯ ಸುದ್ದಿ ಅದೇ ದಿನ ಇಲ್ಲಿಗೆ ಬರುತ್ತದೆ, ಹೋಲಿಕೆ ಶುರುವಾಗುತ್ತದೆ.

ರಸ್ತೆಯೇ ಕಟಕಟೆ

ದೂರು ಕೇಳುವ ಬಾಗಿಲು ಕಾಣದಾಗ ಜನ ರಸ್ತೆಗೆ ಬಂದದ್ದು ಈ ಸೀಮೆಯ ಇತಿಹಾಸದಲ್ಲಿ ಮೊದಲ ಸಲವಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಕಾಲುವೆಯ ರೈತರು ‘ಬೆಟರ್‌ಮೆಂಟ್ ಲೆವಿ’ ಎಂಬ ಅಭಿವೃದ್ಧಿ ಕರದ ವಿರುದ್ಧ ಸಿಡಿದೆದ್ದರು. ನೀರು ಸರಿಯಾಗಿ ಬರದ ಹೊಲಕ್ಕೂ ನೀರಿನ ಕರ ಏಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಗೋಲಿಬಾರಿನಲ್ಲಿ ರೈತರು ಸತ್ತರು. ಕರ್ನಾಟಕದ ರೈತ ಸಂಘದ ಬೆಳವಣಿಗೆಗೆ ಆ ಘಟನೆ ಕಸುವು ತುಂಬಿತು. 1983ರಲ್ಲಿ ಗುಂಡೂರಾವ್ ಸರ್ಕಾರ ಸೋತದ್ದಕ್ಕೆ ಹೇಳುವ ಕಾರಣಗಳಲ್ಲಿ ಅದೂ ಒಂದು.

ಮರುವರ್ಷವೇ ನಿಪ್ಪಾಣಿ. ಹುಕ್ಕೇರಿಯ ನೆರೆಯ ಈ ಪಟ್ಟಣ ತಂಬಾಕಿನ ಪೇಟೆ. ಬೆಳೆದವನಿಗೆ ವ್ಯಾಪಾರಿ ಹೇಳಿದ್ದೇ ದರ. ಮಹಾರಾಷ್ಟ್ರದ ರೈತ ನಾಯಕ ಶರದ್ ಜೋಶಿ ಅವರ ಮುಂದಾಳತ್ವದಲ್ಲಿ ರೈತರು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಮೂರು ವಾರಗಳಿಗೂ ಹೆಚ್ಚು ಕಾಲ ಕುಳಿತರು. 1981ರ ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ 12 ಮಂದಿ ಬಲಿಯಾದರು. 2025ರಲ್ಲಿ ಹತ್ತರಗಿಯಲ್ಲಿ ಕಲ್ಲು ಬಿದ್ದದ್ದು ಅದೇ ಹೆದ್ದಾರಿಯ ಮೇಲೆ. ಅದೇ ಹೆದ್ದಾರಿಯ ಪಕ್ಕದಲ್ಲಿ ಸುವರ್ಣ ವಿಧಾನಸೌಧವಿದೆ. 2012ರಲ್ಲಿ ಉದ್ಘಾಟನೆಯಾದ ಆ ಸೌಧ ಉತ್ತರ ಕರ್ನಾಟಕದ ಜನರ ಅಹವಾಲು ಕೇಳಲೆಂದೇ ಕಟ್ಟಿದ್ದು. ಮರುವರ್ಷ, 2013ರ ನವೆಂಬರ್ 27ರಂದು, ಅಧಿವೇಶನದ ಹೊತ್ತಿನಲ್ಲಿ, ರಾಯಬಾಗ ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರ ಅದರ ಎದುರಿನ ಧರಣಿಯಲ್ಲಿ ವಿಷ ಕುಡಿದು ಪ್ರಾಣ ಬಿಟ್ಟರು. ರಾಜ್ಯದ ಕಬ್ಬು ಕಾಯ್ದೆ ಬಂದದ್ದೂ ಅದೇ ವರ್ಷ ಎಂಬುದನ್ನು ನೆನೆದರೆ ಕಾಯ್ದೆಗೂ ಹೊಲಕ್ಕೂ ಇರುವ ದೂರ ತಿಳಿಯುತ್ತದೆ.

ಕಬ್ಬಿನ ಚಳವಳಿ ಹಂಗಾಮಿನ ಆರಂಭದಲ್ಲೇ ಏಳುವುದಕ್ಕೂ ಕಾರಣವಿದೆ. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ತೂಕವೂ ಸಿಹಿಯೂ ಇಳಿಯುತ್ತವೆ. ಜೋಳದಂತೆ ಹಗೇವಿನಲ್ಲಿ ಇಟ್ಟು ಬೆಲೆ ಬಂದಾಗ ಮಾರುವ ಹಾಗಿಲ್ಲ. ಕಡಿಯುವ ಮುಂಚೆ ಮಾತ್ರ ರೈತನ ಕೈ ಮೇಲೆ, ಕಡಿದ ಮೇಲೆ ಕಾರ್ಖಾನೆಯ ಕೈ ಮೇಲೆ. ಕಾರ್ಖಾನೆಗೂ ನುರಿಸಲು ಸಿಗುವುದು ನಾಲ್ಕೈದು ತಿಂಗಳು. ಆದ್ದರಿಂದ ನವೆಂಬರಿನ ಆ ಒಂದೆರಡು ವಾರವೇ ಚೌಕಾಶಿಯ ಕಾಲ. ಆ ವಾರಗಳಲ್ಲಿ ಮಾತುಕತೆಯ ವೇದಿಕೆ ಸಿಗದಿದ್ದರೆ ರಸ್ತೆಯೇ ಕಟಕಟೆಯಾಗುತ್ತದೆ.

ಆದರೆ ರಸ್ತೆಯ ನ್ಯಾಯಕ್ಕೂ ಮಿತಿಯಿದೆ. ಹತ್ತರಗಿಯಲ್ಲಿ ಕಲ್ಲೇಟು ತಿಂದ ಪೇದೆ ಕಬ್ಬಿನ ದರ ಗೊತ್ತುಮಾಡಿದವನಲ್ಲ. ತಾಸುಗಟ್ಟಲೆ ಸಿಕ್ಕಿಕೊಂಡ ಬಸ್ಸಿನ ಪ್ರಯಾಣಿಕರೂ ಅಲ್ಲ. ಬೀಡ ಮುಂತಾದ ಬರದ ಜಿಲ್ಲೆಗಳಿಂದ ಮಕ್ಕಳು ಮರಿ ಕಟ್ಟಿಕೊಂಡು ಬಂದು ಹೊಲದ ಬದಿಯ ಗುಡಿಸಲಲ್ಲಿ ಕೆಲಸಕ್ಕೆ ಕಾದ ಕಟಾವಿನ ಕೂಲಿಗಳಂತೂ ಈ ಜಗಳದಲ್ಲಿ ಯಾರ ಲೆಕ್ಕಕ್ಕೂ ಬರಲಿಲ್ಲ. ರೈತನ ಬಿಲ್ಲಿನಲ್ಲಿ ಮುರಿಯುವ ಹಣದಲ್ಲಿ ಅವರ ಕೈಗೆ ಎಷ್ಟು ಸೇರುತ್ತದೆ ಎಂದು ಕೇಳಿದವರು ಕಡಿಮೆ. ನ್ಯಾಯ ಕೇಳುವವನು ತನಗಿಂತ ಕೆಳಗಿರುವವನ ಪಾಲನ್ನೂ ನೆನೆಯಬೇಕಾಗುತ್ತದೆ.

ಹೂವಿನ ಜಗಳ

ಈ ಮೂರು ತಾಲ್ಲೂಕುಗಳ ಸುತ್ತಮುತ್ತ ಬೆಳೆದ ಆಟವೊಂದಿದೆ, ಶ್ರೀಕೃಷ್ಣ ಪಾರಿಜಾತ. ಅದನ್ನು ಜನಪ್ರಿಯಗೊಳಿಸಿದ ತಮ್ಮಣ್ಣ ಕುಲಗೋಡದವರು, ಅದರ ಹೆಸರಾಂತ ನಟಿ ನಿಂಗಮ್ಮ ಕೌಜಲಗಿಯವರು. ಎರಡೂ ಹಳೆಯ ಗೋಕಾಕ ತಾಲ್ಲೂಕಿನ ಊರುಗಳು. ಆಟದ ಕಥೆ ಎಲ್ಲರಿಗೂ ಗೊತ್ತು. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಸಿಟ್ಟಾಗುತ್ತಾಳೆ. ರಾತ್ರಿಯಿಡೀ ಕೂತು ನೋಡುವ ಜನ ಅವಳನ್ನು ಹೂವಿನಾಸೆಯವಳೆಂದು ತಿಳಿಯುವುದಿಲ್ಲ. ತನಗೆ ಹೇಳದೆ, ತನ್ನನ್ನು ಕೇಳದೆ ಹಂಚಿಕೆ ಆಯಿತಲ್ಲ ಎಂಬುದೇ ಅವಳ ಉರಿ ಎಂದು ಅವರಿಗೆ ಅರ್ಥವಾಗುತ್ತದೆ.

ಕಬ್ಬಿನ ಸಿಟ್ಟೂ ಅದೇ ಜಾತಿಯದು. 3,300 ಕೊಟ್ಟರೂ, ಮುಂದೊಂದು ವರ್ಷ 3,500 ಕೊಟ್ಟರೂ ಅಳತೆ ಮರೆಯಲ್ಲೇ ನಡೆದರೆ ಸಿಟ್ಟು ಆರುವುದಿಲ್ಲ. ಹಾಗೆ ನೋಡಿದರೆ ಪರಿಹಾರದ ಒಂದು ಭಾಗ ದುಬಾರಿಯದ್ದೇನಲ್ಲ. ರೈತ ತನ್ನ ಡಬ್ಬಿಯನ್ನು ಕಾರ್ಖಾನೆಗೆ ಸೇರದ ಕಾಟಾದಲ್ಲಿ ತೂಗಿಸಿ ಆ ಚೀಟಿಯನ್ನು ಒಪ್ಪಿಸುವಂತಾಗಬೇಕು. ಇಳುವರಿಯನ್ನು ಹೊರಗಿನ ತಜ್ಞರು ಪರೀಕ್ಷಿಸಿ ದಿನದಿನವೂ ಫಲಕದಲ್ಲಿ ಬರೆಯಬೇಕು. ಅದಕ್ಕೆ ಬೇಕಾದ ವಿದ್ಯೆ ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲೇ ಇದೆ. ಕಟಾವು, ಸಾಗಣೆಯ ಲೆಕ್ಕ ಹಂಗಾಮಿಗೆ ಮುಂಚೆಯೇ ತಿಳಿಯಬೇಕು. ದರದ ಮಾತುಕತೆ ಕಬ್ಬು ಬಲಿಯುವ ಮೊದಲೇ, ಆಗಸ್ಟ್ ಸೆಪ್ಟೆಂಬರಿನಲ್ಲಿ, ರೈತರನ್ನೂ ಕೂರಿಸಿಕೊಂಡು ನಡೆಯಬೇಕು. ಕಾಯ್ದೆಯಲ್ಲಿರುವ ಮಂಡಳಿ ಇರುವುದೇ ಇದಕ್ಕಾಗಿ.

ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಮುಗಿದ ಮೇಲೆ ಡಬ್ಬಿಗಳು ಮತ್ತೆ ಕಾರ್ಖಾನೆಗಳ ಕಡೆ ಹೊರಟವು. ಪ್ರತಿಯೊಂದೂ ಮೊದಲು ಹತ್ತಿದ್ದು ಕಾಟಾದ ಮೇಲೆ. ಅಲ್ಲಿ ಬರುವ ಅಂಕಿಯನ್ನು ರೈತ ನಂಬುವಂತಾದ ವರ್ಷ, ಮೂಡಲಗಿಯ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಮಾತ್ರ ಇದ್ದಾವು.